ಮಂಗಳೂರಿನ ಪಿಯುಸಿ, ಜರ್ಮನಿಯ ನಾಲ್ಕನೇ ಕ್ಲಾಸು

ಪಿಯುಸಿ ರಿಸಲ್ಟ್ ಬಂದ ಮರುದಿನ ಕರಾವಳಿಯ ಪೇಪರು ಬಿಡಿಸಿದರೆ ಸುದ್ದಿಗಿಂತ ಜಾಹೀರಾತೇ ಹೆಚ್ಚು. ಪುಟ ತುಂಬ ಪಾಸ್‌ಪೋರ್ಟ್ ಸೈಜಿನ ಮುಖಗಳು, ಪ್ರತಿಯೊಂದರ ಕೆಳಗೆ 600ಕ್ಕೆ ಐನೂರ ತೊಂಬತ್ತರ ಮೇಲಿನ ಒಂದು ಸಂಖ್ಯೆ. ಎರಡು ದಿನ ಕಳೆಯುವಷ್ಟರಲ್ಲಿ ಅವೇ ಮುಖಗಳು ಫ್ಲೆಕ್ಸ್ ಆಗಿ ಹಂಪನಕಟ್ಟೆಯಲ್ಲಿ, ಮೂಡಬಿದಿರೆಯಲ್ಲಿ, ಉಡುಪಿಯ ಕಲ್ಸಂಕದಲ್ಲಿ ನಿಂತಿರುತ್ತವೆ. ಜಿಲ್ಲೆಗಳ ಪಂಥ ಬೇರೆ. 2024ರ ದ್ವಿತೀಯ ಪಿಯುಸಿಯಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಎಸ್ಸೆಸ್ಸೆಲ್ಸಿಯಲ್ಲಿ ಇದೇ ಎರಡು ವರ್ಷ ಸರಿಯಾಗಿ ತಿರುಗಾಮುರುಗಾ.

ಇದೇ ಊರುಗಳಲ್ಲಿ ಹೋಟೆಲಿನ ಹಾಲ್ ಬುಕ್ ಮಾಡಿ ‘ಜರ್ಮನಿಯಲ್ಲಿ ಉಚಿತ ಶಿಕ್ಷಣ’ ಎಂಬ ಸೆಮಿನಾರುಗಳೂ ನಡೆಯುತ್ತವೆ. ಅಲ್ಲಿ ಫೀಸಿನ ಲೆಕ್ಕ ಹೇಳುತ್ತಾರೆ, ವೀಸಾದ ಲೆಕ್ಕ ಹೇಳುತ್ತಾರೆ. ಅಲ್ಲಿಯ ಕಲಿಕೆ ಯಾವ ತರ್ಕದ ಮೇಲೆ ನಿಂತಿದೆ ಎಂದು ಹೇಳುವವರು ಕಡಿಮೆ. ಸುರತ್ಕಲ್, ಮಣಿಪಾಲ, ನಿಟ್ಟೆ ಕಡೆಯಿಂದ ಎಂಎಸ್ ಮಾಡಲು ಹೋದ ಮಕ್ಕಳಿಗೆ ಮೊದಲ ಸೆಮಿಸ್ಟರಿನಲ್ಲಿ ಪೆಟ್ಟು ಬೀಳುವುದು ಬಹುತೇಕ ಈ ತರ್ಕ ಗೊತ್ತಿಲ್ಲದೆ. ಬುದ್ಧಿ ಕಡಿಮೆಯಾಗಿ ಅಲ್ಲ.

ನನ್ನ ಪ್ರಕಾರ ವಿಷಯ ಇಷ್ಟು. ಎಲ್ಲ ದೇಶದ ಶಿಕ್ಷಣದಲ್ಲೂ ಒಂದು ಜರಡಿ ಇರುತ್ತದೆ. ಅದನ್ನು ಯಾವ ವಯಸ್ಸಿನಲ್ಲಿ ಹಿಡಿಯುತ್ತಾರೆ, ಯಾರ ಕೈಯಲ್ಲಿ ಕೊಡುತ್ತಾರೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ: ಮಕ್ಕಳು ಪ್ರಶ್ನೆ ಕೇಳುತ್ತಾರೋ ಇಲ್ಲವೋ, ಅಪ್ಪ ಅಮ್ಮ ರಾತ್ರಿ ಎಷ್ಟು ಗಂಟೆಗೆ ಮಲಗುತ್ತಾರೆ, ಲೆಕ್ಚರರು ಗದರಿಸುತ್ತಾರೋ ಸುಮ್ಮನಿರುತ್ತಾರೋ, ಎಲ್ಲ.

ನಮ್ಮದನ್ನು ಮೊದಲು ನೋಡೋಣ. 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದ್ರಾಸಿನಲ್ಲಿ ಬ್ರಿಟಿಷರು ವಿಶ್ವವಿದ್ಯಾಲಯ ತೆರೆದಾಗ ಲಂಡನ್ ವಿಶ್ವವಿದ್ಯಾಲಯದ ಆ ಕಾಲದ ಮಾದರಿಯನ್ನು ತಂದರು. ಆ ಮಾದರಿಯಲ್ಲಿ ವಿಶ್ವವಿದ್ಯಾಲಯ ಪಾಠ ಮಾಡುವುದಿಲ್ಲ, ಪರೀಕ್ಷೆ ಮಾತ್ರ ಮಾಡುತ್ತದೆ. ಪಾಠ ಕಾಲೇಜಿನ ಕೆಲಸ. ಮಂಗಳೂರಿನಲ್ಲಿ 1868ರಲ್ಲಿ ಶುರುವಾದ ಸರ್ಕಾರಿ ಕಾಲೇಜು, 1880ರಲ್ಲಿ ಜೆಸುಯಿಟರು ಕಟ್ಟಿದ ಸಂತ ಅಲೋಶಿಯಸ್, ಎರಡೂ ಪ್ರಶ್ನೆಪತ್ರಿಕೆಗಾಗಿ ಮದ್ರಾಸಿನ ಕಡೆ ನೋಡಿದವು. ಮದ್ರಾಸು ಹೋಗಿ ಮೈಸೂರು ಬಂತು, 1980ರಲ್ಲಿ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯವೇ ಬಂತು, ಇಂಜಿನಿಯರಿಂಗಿಗೆ ವಿಟಿಯು ಬಂತು. ಏರ್ಪಾಟು ಮಾತ್ರ ಹೆಚ್ಚು ಬದಲಾಗಲಿಲ್ಲ: ಪಾಠ ಮಾಡುವವರು ಒಬ್ಬರು, ಪ್ರಶ್ನೆ ತೆಗೆಯುವವರು ಎಲ್ಲೋ ದೂರದ ಇನ್ನೊಬ್ಬರು.

ಇದರ ಪರಿಣಾಮ ನಮಗೆ ಎಷ್ಟು ಅಭ್ಯಾಸವಾಗಿದೆ ಅಂದರೆ ಕಣ್ಣಿಗೇ ಬೀಳುವುದಿಲ್ಲ. ಪ್ರಶ್ನೆಪತ್ರಿಕೆ ಹೊರಗಿನಿಂದ ಬರುವುದರಿಂದ ಲೆಕ್ಚರರೂ ವಿದ್ಯಾರ್ಥಿಯೂ ಒಂದೇ ಪಕ್ಷದಲ್ಲಿರುತ್ತಾರೆ. ಇಬ್ಬರೂ ಸೇರಿ ಆ ಪತ್ರಿಕೆಯನ್ನು ಊಹಿಸಬೇಕು. ಆದ್ದರಿಂದಲೇ ಕ್ವಶ್ಚನ್ ಬ್ಯಾಂಕ್, ಬ್ಲೂಪ್ರಿಂಟ್, ಹಿಂದಿನ ಐದು ವರ್ಷದ ಪೇಪರು, "ಇದು ಈ ಸಲ ಬಂದೇ ಬರ್ತದೆ, ಬರೆದುಕೊಳ್ಳಿ" ಎನ್ನುವ ಸರ್. ವಿದ್ಯಾರ್ಥಿ ಬೀಳದ ಹಾಗೆ ನೋಡಿಕೊಳ್ಳುವುದು ಲೆಕ್ಚರರ ಜವಾಬ್ದಾರಿ, ಏಕೆಂದರೆ ಬಿದ್ದರೆ ಕಾಲೇಜಿನ ರಿಸಲ್ಟ್ ಬೀಳುತ್ತದೆ. ಮನೆಗೆ ಫೋನ್ ಮಾಡುವುದು, ಸಂಜೆ ಸ್ಟಡಿ ಅವರ್ ಇಡುವುದು, ಇಂಟರ್ನಲ್ಸ್‌ನಲ್ಲಿ ಕೈಹಿಡಿಯುವುದು, ಇದೆಲ್ಲ ಪ್ರೀತಿಯಿಂದಲೂ ಹೌದು, ಏರ್ಪಾಟಿನಿಂದಲೂ ಹೌದು. ವಿಟಿಯು ನಿಯಮದಲ್ಲಿ ಹಾಜರಿ ಶೇ. 85 ಬೇಕು, ತಕ್ಕ ಕಾರಣ ಕೊಟ್ಟರೆ ಶೇ. 75ರವರೆಗೆ ಮನ್ನಾ. ಇಪ್ಪತ್ತೊಂದು ವರ್ಷದ ಹುಡುಗನ ಅಟೆಂಡೆನ್ಸ್ ಶಾರ್ಟೇಜಿಗೆ ಅಪ್ಪ ಬಂದು ಸಹಿ ಹಾಕುವುದು ನಮ್ಮಲ್ಲಿ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ.

ನಮ್ಮ ಜರಡಿ ಇರುವುದು ಕಾಲೇಜಿನ ಬಾಗಿಲಲ್ಲಿ. ಹದಿನೇಳು ಹದಿನೆಂಟನೇ ವಯಸ್ಸು, ಸಿಇಟಿ, ಜೆಇಇ, ನೀಟ್. ಕರ್ನಾಟಕದಲ್ಲಿ ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಅರ್ಧ, ಸಿಇಟಿಯ ಅರ್ಧ ಸೇರಿಸುತ್ತಾರೆ. ಆ ಒಂದು ತಿಂಗಳಿಗಾಗಿ ಎರಡು ವರ್ಷ ಹಾಸ್ಟೆಲ್, ಬೆಳಿಗ್ಗೆ ಕ್ಲಾಸು, ಸಂಜೆ ಕೋಚಿಂಗು. ಒಳಗೆ ಹೋದ ಮೇಲೆ? ಬ್ಯಾಕ್‌ಲಾಗ್ ಇದ್ದರೂ ಕ್ಲಿಯರ್ ಮಾಡಿಕೊಳ್ಳುತ್ತಾ ನಾಲ್ಕು ವರ್ಷದಲ್ಲೋ ಐದರಲ್ಲೋ ಬಹಳಷ್ಟು ಜನ ಡಿಗ್ರಿ ಹಿಡಿದು ಹೊರಬರುತ್ತಾರೆ. ಒಳಗೆ ಹೋಗುವುದು ಕಷ್ಟ, ಹೊರಬರುವುದು ಅಷ್ಟು ಕಷ್ಟವಲ್ಲ. ಪಕ್ಕದಲ್ಲಿ ಮ್ಯಾನೇಜ್‌ಮೆಂಟ್ ಕೋಟಾ ಎಂಬ ಇನ್ನೊಂದು ಬಾಗಿಲೂ ಉಂಟು, ಅದಕ್ಕೆ ಬೇರೆ ಬೀಗದ ಕೈ.

ಜರ್ಮನಿಯಲ್ಲಿ ಎರಡು ಜರಡಿ. ಒಂದು ನಮಗಿಂತ ತುಂಬ ಮೊದಲು, ಇನ್ನೊಂದು ನಮಗಿಂತ ತಡವಾಗಿ.

ಮೊದಲನೆಯದು ನಾಲ್ಕನೇ ಕ್ಲಾಸಿನಲ್ಲಿ. ಶಿಕ್ಷಣ ಅಲ್ಲಿ ಕೇಂದ್ರದ ವಿಷಯವಲ್ಲ, 16 ರಾಜ್ಯಗಳೂ ತಮ್ಮ ತಮ್ಮ ಶಾಲೆಯನ್ನು ತಾವೇ ನಡೆಸುತ್ತವೆ. ಹೆಚ್ಚಿನ ರಾಜ್ಯಗಳಲ್ಲಿ ಪ್ರಾಥಮಿಕ ಶಾಲೆ ನಾಲ್ಕೇ ವರ್ಷ, ಬರ್ಲಿನ್ ಮತ್ತು ಬ್ರಾಂಡೆನ್‌ಬುರ್ಗ್‌ನಲ್ಲಿ ಆರು. ಅದು ಮುಗಿದ ಮೇಲೆ ಮಕ್ಕಳು ಬೇರೆ ಬೇರೆ ಶಾಲೆಗಳಿಗೆ ಹಂಚಿಹೋಗುತ್ತಾರೆ. ಗಿಮ್ನಾಜಿಯುಮ್ ಎಂಬುದು ವಿಶ್ವವಿದ್ಯಾಲಯದ ಕಡೆಗೆ ಹೋಗುವ ದಾರಿ, ಕೊನೆಯಲ್ಲಿ ಅಬಿಟೂರ್ ಪರೀಕ್ಷೆ. ರಿಯಾಲ್‌ಶೂಲೆ ಹತ್ತನೇ ಕ್ಲಾಸಿನವರೆಗೆ. ಮೂರನೆಯದು ಬೇಗ ಕಸುಬಿನ ತರಬೇತಿಗೆ ಹೋಗುವವರಿಗೆ, ಅದರ ಹೆಸರು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಎಲ್ಲರನ್ನೂ ಒಟ್ಟಿಗೆ ಇಟ್ಟುಕೊಳ್ಳುವ ಸಮಗ್ರ ಶಾಲೆಗಳೂ ಇವೆ.

ನನ್ನ ದೊಡ್ಡಮ್ಮನ ಮಗನ ಸಂಸಾರ ಇರುವುದು ಮ್ಯೂನಿಕ್‌ನಲ್ಲಿ, ಅಂದರೆ ಬವೇರಿಯಾ ರಾಜ್ಯದಲ್ಲಿ. ಅಲ್ಲಿ ಈ ನಿಯಮ ಬಲು ಬಿಗಿ. ನಾಲ್ಕನೇ ಕ್ಲಾಸಿನ ಮಗುವಿಗೆ ಮೇ ತಿಂಗಳ ಆರಂಭದಲ್ಲಿ ಒಂದು ಸರ್ಟಿಫಿಕೇಟು ಕೊಡುತ್ತಾರೆ. ಜರ್ಮನ್ ಭಾಷೆ, ಗಣಿತ, ಮತ್ತು ನಮ್ಮ ಪರಿಸರ ಅಧ್ಯಯನದಂಥ ಒಂದು ವಿಷಯ, ಈ ಮೂರರ ಸರಾಸರಿ 2.33 ಅಥವಾ ಅದಕ್ಕಿಂತ ಒಳ್ಳೆಯದಿದ್ದರೆ ಗಿಮ್ನಾಜಿಯುಮ್. 2.66ರವರೆಗೆ ರಿಯಾಲ್‌ಶೂಲೆ. (ಅಲ್ಲಿ ಅಂಕ ಕಡಿಮೆಯಾದಷ್ಟೂ ಒಳ್ಳೆಯದು, 1 ಎಂದರೆ ಅತ್ಯುತ್ತಮ.) ಸಿಗದಿದ್ದವರು ಮೂರು ದಿನದ ಪ್ರಾಯೋಗಿಕ ಪಾಠಕ್ಕೆ ಕೂತು ಇನ್ನೊಂದು ಪ್ರಯತ್ನ ಮಾಡಬಹುದು. ಅತ್ತಿಗೆ ಇದನ್ನು ಫೋನಿನಲ್ಲಿ ವಿವರಿಸಿದಾಗ ನಮ್ಮ ದೊಡ್ಡಮ್ಮ ಬಾಯಿ ಮೇಲೆ ಕೈಯಿಟ್ಟರು. "ಎಂತದು, ನಾಲ್ಕನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆಯಾ?"

ಪರೀಕ್ಷೆ ಅಲ್ಲ, ಅದಕ್ಕಿಂತ ಸೂಕ್ಷ್ಮ. ವರ್ಷವಿಡೀ ಅದೇ ಟೀಚರು ಕೊಟ್ಟ ಅಂಕಗಳ ಸರಾಸರಿ. ಅದರಲ್ಲಿ ಬರೆದದ್ದು ಮಾತ್ರವಲ್ಲ, ಕ್ಲಾಸಿನಲ್ಲಿ ಮಾತಾಡಿದ್ದಕ್ಕೂ ಅಂಕ ಉಂಟು. ಜರ್ಮನಿಯ ಶಾಲೆಗಳಲ್ಲಿ ಕೈ ಎತ್ತುವುದು, ಉತ್ತರ ಹೇಳುವುದು, ಬೇರೆಯವರ ಉತ್ತರಕ್ಕೆ ಪ್ರತ್ಯುತ್ತರ ಕೊಡುವುದು ಎಲ್ಲ ಲೆಕ್ಕಕ್ಕೆ ಬರುತ್ತದೆ. ಮೇಲಿನ ಕ್ಲಾಸುಗಳಲ್ಲಿ ಎಷ್ಟೋ ಕಡೆ ವಿಷಯದ ಅಂಕದ ದೊಡ್ಡ ಪಾಲು ಇದೇ. ನಮ್ಮಲ್ಲಿ ‘ಮಗು ತುಂಬ ಪಾಪ, ಕ್ಲಾಸಿನಲ್ಲಿ ಸದ್ದೇ ಇಲ್ಲ’ ಎಂದು ಟೀಚರು ಹೇಳಿದರೆ ತಾಯಿಗೆ ಹೆಮ್ಮೆ. ಅಲ್ಲಿ ಅದೇ ಮಾತು ದೂರು. ಅತ್ತಿಗೆಗೆ ಪೇರೆಂಟ್ಸ್ ಮೀಟಿಂಗಿನಲ್ಲಿ ಸಿಕ್ಕಿದ್ದೂ ಅದೇ: ಲೆಕ್ಕ ಎಲ್ಲ ಸರಿ, ಆದರೆ ಹುಡುಗಿ ಮಾತಾಡುವುದಿಲ್ಲ.

ಹತ್ತು ವರ್ಷದ ಮಗುವಿನ ದಾರಿ ನಿರ್ಧರಿಸುವುದು ಸರಿಯೇ ಎಂದು ಜರ್ಮನರೇ ದಶಕಗಳಿಂದ ಜಗಳವಾಡುತ್ತಿದ್ದಾರೆ. ಹದಿನೈದು ವರ್ಷದ ಮಕ್ಕಳನ್ನು ದೇಶದೇಶಗಳ ನಡುವೆ ಹೋಲಿಸುವ ಪೀಸಾ ಪರೀಕ್ಷೆಯ ಮೊದಲ ಫಲಿತಾಂಶ 2001ರಲ್ಲಿ ಬಂದಾಗ ಜರ್ಮನಿ ಸರಾಸರಿಗಿಂತ ಕೆಳಗಿತ್ತು. ಅಂಕಕ್ಕಿಂತ ನೋವಾದದ್ದು ಇನ್ನೊಂದು ಅಂಶ: ಮನೆಯ ಸ್ಥಿತಿಗತಿಗೂ ಮಗುವಿನ ಅಂಕಕ್ಕೂ ಇರುವ ನಂಟು ಅಲ್ಲಿ ಬಹಳ ಗಟ್ಟಿಯಾಗಿತ್ತು. ಓದಿದ ಅಪ್ಪ ಅಮ್ಮನ ಮಕ್ಕಳು ಗಿಮ್ನಾಜಿಯುಮ್, ಕಾರ್ಮಿಕರ ಮತ್ತು ವಲಸಿಗರ ಮಕ್ಕಳು ಕೆಳಗಿನದು. ಮಧ್ಯಾಹ್ನ ಒಂದು ಗಂಟೆಗೆ ಶಾಲೆ ಬಿಟ್ಟು ಮಗುವನ್ನು ಮನೆಗೆ ಕಳಿಸುವ ಹಳೆಯ ಪದ್ಧತಿಯಲ್ಲಿ ಮನೆಯಲ್ಲಿ ಹೇಳಿಕೊಡುವವರಿದ್ದರೆ ಮಾತ್ರ ಲಾಭ ಎಂಬುದು ಆಮೇಲೆ ಹೊಳೆಯಿತು, ದಿನವಿಡೀ ನಡೆಯುವ ಶಾಲೆಗಳು ಹೆಚ್ಚಿದವು. ಭಾರತ ಇದೇ ಪರೀಕ್ಷೆಯನ್ನು 2009ರ ಸುತ್ತಿನಲ್ಲಿ ತಮಿಳುನಾಡು ಮತ್ತು ಹಿಮಾಚಲದ ಮೂಲಕ ಬರೆದು, ಪಟ್ಟಿಯ ತಳದಲ್ಲಿ ಕೂತು, ಮುಂದಿನ ಸುತ್ತುಗಳಿಂದ ದೂರ ಉಳಿಯಿತು. ಅವರು ಬೈಸಿಕೊಂಡು ತಿದ್ದಲು ನೋಡಿದರು, ನಾವು ಪ್ರಶ್ನೆಪತ್ರಿಕೆಯೇ ನಮಗೆ ಹೊಂದುವುದಿಲ್ಲ ಎಂದೆವು. ನಮ್ಮ ವಾದದಲ್ಲಿ ಹುರುಳಿಲ್ಲ ಎನ್ನಲಾರೆ, ಆದರೆ ಅಷ್ಟು ಬೇಗ ಎದ್ದು ಬರಬಾರದಿತ್ತು.

ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ಅಬಿಟೂರ್ ಕೂಡ ನಮ್ಮ ಪಿಯುಸಿಯ ಹಾಗೆ ಮೂರು ಗಂಟೆಯ ಜೂಜಲ್ಲ. ಒಟ್ಟು 900 ಅಂಕದಲ್ಲಿ 600 ಕೊನೆಯ ಎರಡು ವರ್ಷದ ಕ್ಲಾಸಿನ ಸಾಧನೆಗೆ, 300 ಮಾತ್ರ ಅಂತಿಮ ಪರೀಕ್ಷೆಗೆ. ಪರೀಕ್ಷೆಯ ದಿನ ಜ್ವರ ಬಂದರೆ ಜೀವನ ಹಾಳು ಎಂಬ ಭಯ ಅಷ್ಟರಮಟ್ಟಿಗೆ ಕಡಿಮೆ.

ಎರಡನೆಯ ಜರಡಿ ವಿಶ್ವವಿದ್ಯಾಲಯದ ಒಳಗೆ. ನಮ್ಮ ಮಕ್ಕಳು ಮುಗ್ಗರಿಸುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

1810ರಲ್ಲಿ ಬರ್ಲಿನ್‌ನಲ್ಲಿ ವಿಲ್ಹೆಲ್ಮ್ ಫಾನ್ ಹುಂಬೋಲ್ಟ್ ಕಲ್ಪಿಸಿದ ವಿಶ್ವವಿದ್ಯಾಲಯದಲ್ಲಿ ಪಾಠ ಮತ್ತು ಸಂಶೋಧನೆ ಒಂದೇ ಕೈಯಲ್ಲಿ ಇರಬೇಕಿತ್ತು. ಪ್ರೊಫೆಸರಿಗೆ ಏನು ಕಲಿಸಬೇಕೆಂಬ ಸ್ವಾತಂತ್ರ್ಯ, ವಿದ್ಯಾರ್ಥಿಗೆ ಏನು, ಹೇಗೆ ಕಲಿಯಬೇಕೆಂಬ ಸ್ವಾತಂತ್ರ್ಯ. ಪಾಠ ಮಾಡಿದವರೇ ಪ್ರಶ್ನೆ ತೆಗೆಯುತ್ತಾರೆ, ಅವರ ಕಡೆಯವರೇ ತಿದ್ದುತ್ತಾರೆ. ಊಹಿಸಬೇಕಾದ ಹೊರಗಿನ ಪತ್ರಿಕೆ ಇಲ್ಲ, ಕಾಪಾಡಬೇಕಾದ ಕಾಲೇಜ್ ರಿಸಲ್ಟೂ ಇಲ್ಲ. ಹಾಗಾಗಿ ಪ್ರೊಫೆಸರು ನಿಮ್ಮ ಹಿಂದೆ ಬೀಳುವುದಿಲ್ಲ. ಲೆಕ್ಚರಿಗೆ ಸಾಮಾನ್ಯವಾಗಿ ಹಾಜರಿ ಇಲ್ಲ. ಲ್ಯಾಬು, ಸೆಮಿನಾರುಗಳಿಗೆ ಇರಬಹುದು.

ಸುರತ್ಕಲ್‌ನಲ್ಲಿ ಓದಿ ಅಲ್ಲಿಗೆ ಹೋದ ನಮ್ಮ ನೆಂಟರ ಹುಡುಗನ ಮನೆಯಲ್ಲಿ ಮೊದಲ ತಿಂಗಳು ನಡೆದ ಮಾತು:

"ಕ್ಲಾಸಿಗೆ ಸರಿಯಾಗಿ ಹೋಗ್ತಿದ್ದೀಯಲ್ಲ ಮಗಾ?"

"ಇಲ್ಲಿ ಅಟೆಂಡೆನ್ಸ್ ಎಲ್ಲ ಇಲ್ಲಮ್ಮ."

"ಹಾಗಾದ್ರೆ ಕಾಲೇಜು ಎಂತಕ್ಕೆ?"

ತಾಯಿಯ ಪ್ರಶ್ನೆಗೆ ಉತ್ತರ ಲೆಕ್ಕದಲ್ಲಿದೆ. ಒಂದು ಸೆಮಿಸ್ಟರಿಗೆ 30 ಕ್ರೆಡಿಟ್, ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಯ ದುಡಿಮೆ. ಅಂದರೆ ಸೆಮಿಸ್ಟರಿಗೆ ಸುಮಾರು 750ರಿಂದ 900 ಗಂಟೆ. ಟೈಮ್‌ಟೇಬಲ್ಲಿನಲ್ಲಿ ಕಾಣುವುದು ಅದರ ಚಿಕ್ಕ ಭಾಗ. ಉಳಿದದ್ದು ಲೈಬ್ರರಿಯಲ್ಲಿ, ರೂಮಿನಲ್ಲಿ, ಗೆಳೆಯರ ಜೊತೆ ನೀವೇ ಮಾಡಬೇಕಾದ ಕೆಲಸ. ಟೈಮ್‌ಟೇಬಲ್ ಖಾಲಿ ಕಂಡ ಕೂಡಲೇ ನಮ್ಮ ಹುಡುಗರು ಪಾರ್ಟ್‌ಟೈಮ್ ಕೆಲಸ ತುಂಬಿಕೊಳ್ಳುತ್ತಾರೆ. 2024ರಿಂದ ವಿದೇಶಿ ವಿದ್ಯಾರ್ಥಿಗೆ ವರ್ಷಕ್ಕೆ 140 ಪೂರ್ಣ ದಿನ ದುಡಿಯಲು ಅನುಮತಿ ಉಂಟಲ್ಲ. ಆಮೇಲೆ ಫೆಬ್ರವರಿಯಲ್ಲಿ ಆರು ಪರೀಕ್ಷೆ ಒಟ್ಟಿಗೆ ಬಂದು ನಿಲ್ಲುತ್ತವೆ. ಇಂಟರ್ನಲ್ಸ್ ಇಲ್ಲ, ಅಸೈನ್‌ಮೆಂಟಿನ ಇಪ್ಪತ್ತು ಮಾರ್ಕು ಇಲ್ಲ. ಎಷ್ಟೋ ವಿಷಯಗಳಲ್ಲಿ ಆ ಒಂದು ಪರೀಕ್ಷೆಯೇ ನೂರಕ್ಕೆ ನೂರು.

ಪರೀಕ್ಷೆಗೆ ಹೆಸರು ನೋಂದಾಯಿಸುವುದೂ ನಿಮ್ಮದೇ ಕೆಲಸ. ಪೋರ್ಟಲ್ಲಿನಲ್ಲಿ ಕೊನೆಯ ದಿನಾಂಕ ಇರುತ್ತದೆ. ದಾಟಿದರೆ ಬರೆಯುವಂತಿಲ್ಲ, ನಮ್ಮಲ್ಲಿನ ಹಾಗೆ ಫೈನ್ ಕಟ್ಟಿ ಆಫೀಸಿನ ಕ್ಲರ್ಕಣ್ಣನನ್ನು ಒಪ್ಪಿಸುವ ದಾರಿ ಇಲ್ಲ. ಬರೆದು ಬಿದ್ದರೆ ಸಾಮಾನ್ಯವಾಗಿ ಒಟ್ಟು ಮೂರು ಅವಕಾಶ. ನಿಯಮ ಕೋರ್ಸಿನಿಂದ ಕೋರ್ಸಿಗೆ ಬೇರೆ. ಕಡ್ಡಾಯ ವಿಷಯದಲ್ಲಿ ಕೊನೆಯ ಅವಕಾಶವೂ ಹೋಯಿತೆಂದರೆ ಆ ಕೋರ್ಸಿನಿಂದ ಹೊರಗೆ. ಆ ವಿಶ್ವವಿದ್ಯಾಲಯದಿಂದ ಮಾತ್ರ ಅಲ್ಲ, ಅದೇ ಕೋರ್ಸನ್ನು ಜರ್ಮನಿಯ ಬೇರೆ ಕಡೆಯೂ ಮುಂದುವರಿಸುವಂತಿಲ್ಲ. ಕೋರ್ಸು ಹೋದರೆ ವೀಸಾಕ್ಕೂ ಕಂಟಕ. ಬ್ಯಾಕ್‌ಲಾಗನ್ನು ಮುಂದಿನ ಸೆಮಿಸ್ಟರಿಗೆ ತಳ್ಳುವ ನಮ್ಮ ಅಭ್ಯಾಸ ಅಲ್ಲಿ ನಿಜಕ್ಕೂ ಅಪಾಯದ್ದು.

ಹಾಗಂತ ಅಲ್ಲಿ ಕರುಣೆಯೇ ಇಲ್ಲವೆಂದಲ್ಲ, ಬೇರೆ ಬಗೆಯದು. ತಿದ್ದಿದ ಉತ್ತರಪತ್ರಿಕೆ ನೋಡಲು ಒಂದು ದಿನ ಗೊತ್ತುಮಾಡುತ್ತಾರೆ. ನೀವು ಹೋಗಿ, ನಿಮ್ಮ ಪತ್ರಿಕೆ ಬಿಡಿಸಿ, "ಇಲ್ಲಿ ಯಾಕೆ ಅಂಕ ಕಳೆದಿರಿ" ಎಂದು ತಿದ್ದಿದವರನ್ನೇ ಕೇಳಬಹುದು. ಕೆಲವೊಮ್ಮೆ ಅಂಕ ಹೆಚ್ಚುತ್ತದೆ. ಯಾರೂ ಸಿಟ್ಟಾಗುವುದಿಲ್ಲ, ಏಕೆಂದರೆ ಅದು ಕೇಳುವ ದಿನ. ಪಿಯುಸಿಯಲ್ಲಿ ನಾವು ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಗೆ ದುಡ್ಡು ಕಟ್ಟಿ, ಮರುಮೌಲ್ಯಮಾಪನಕ್ಕೆ ಮತ್ತೆ ಕಟ್ಟಿ, ಯಾರೆಂದೇ ಗೊತ್ತಿಲ್ಲದ ಮೌಲ್ಯಮಾಪಕರ ಜೊತೆ ಆನ್‌ಲೈನ್ ಅರ್ಜಿಯ ಮೂಲಕ ಮಾತಾಡುತ್ತೇವೆ. ನಮ್ಮ ಪದ್ಧತಿಗೂ ಒಂದು ಸಮರ್ಥನೆ ಉಂಟು. ಗುರುತಿಲ್ಲದ ಕೈ ತಿದ್ದಿದರೆ ಜಾತಿ, ಮನೆತನ, ಪರಿಚಯ ಅಡ್ಡ ಬರುವುದಿಲ್ಲ. ಬಡವರ ಮನೆಯ ಮಗು ರ‍್ಯಾಂಕ್ ತಂದಾಗ ಅದನ್ನು ಯಾರೂ ಅಲ್ಲಗಳೆಯಲಾಗದಿರುವುದು ಈ ಅಪರಿಚಿತತೆಯಿಂದಲೇ. ಬವೇರಿಯಾದ ಟೀಚರಮ್ಮನ ಸರಾಸರಿಗೆ ಆ ಬಲ ಇಲ್ಲ.

ಅಂಕ ಬದಲಾಯಿಸುವ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಏಜೆಂಟರು ಇದಕ್ಕೂ ದುಡ್ಡು ಕೇಳುವುದುಂಟು. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಪಾಸು, 5.0 ಫೇಲು. ನಮ್ಮ ಸಿಜಿಪಿಎಯನ್ನು ಅದಕ್ಕೆ ತರಲು ಬವೇರಿಯನ್ ಸೂತ್ರ ಬಳಸುತ್ತಾರೆ. ಗರಿಷ್ಠದಿಂದ ನಿಮ್ಮ ಅಂಕ ಕಳೆಯಿರಿ; ಗರಿಷ್ಠದಿಂದ ಪಾಸಿನ ಕನಿಷ್ಠ ಕಳೆಯಿರಿ; ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ಹತ್ತರಲ್ಲಿ 8.5 ಬಂದು, ಪಾಸಿಗೆ 4 ಸಾಕು ಎಂದಾದರೆ 1.5 ಭಾಗಿಸು 6, ಗುಣಿಸು 3, ಕೂಡಿಸು 1, ಅಂದರೆ 1.75. ಸಿಜಿಪಿಎ 7 ಇದ್ದರೆ 2.5. ಎಷ್ಟೋ ಮಾಸ್ಟರ್ಸ್ ಕೋರ್ಸುಗಳು ಕೇಳುವ ಗಡಿ ಈ 2.5ರ ಆಸುಪಾಸಿನಲ್ಲಿರುತ್ತದೆ. ಎಂದರೆ ಒಳಗೆ ಹೋಗಲು ಟಾಪರ್ ಆಗಬೇಕಿಲ್ಲ. ಮೆಡಿಕಲ್ ಮಾತ್ರ ಬೇರೆ, ಅಲ್ಲಿಯೂ ಆ ಬಾಗಿಲು ಕಿರಿದೇ.

ನಮ್ಮ ದಾಖಲೆ ಅಸಲಿಯೇ ಎಂದು ನೋಡುವ ಎಪಿಎಸ್ ಸರ್ಟಿಫಿಕೇಟನ್ನು ಭಾರತೀಯ ವಿದ್ಯಾರ್ಥಿಗಳಿಗೆ 2022ರ ನವೆಂಬರಿನಿಂದ ಕಡ್ಡಾಯ ಮಾಡಿದ್ದಾರೆ. ಪಿಯುಸಿ ಮುಗಿಸಿದ ಕೂಡಲೇ ಬ್ಯಾಚುಲರ್ಸಿಗೆ ನೇರ ಪ್ರವೇಶ ಸಾಮಾನ್ಯವಾಗಿ ಸಿಗುವುದಿಲ್ಲ. ಜೆಇಇ ಅಡ್ವಾನ್ಸ್‌ಡ್ ಪಾಸಾದವರಿಗೆ ತಕ್ಕ ವಿಷಯಗಳಲ್ಲಿ ದಾರಿ ಉಂಟು. ‘ಉಚಿತ’ ಎಂಬ ಮಾತನ್ನೂ ಸ್ವಲ್ಪ ತೂಗಿ ನೋಡಬೇಕು. ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯ 2017ರಿಂದ ಯೂರೋಪ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಫೀಸು ಶುರುಮಾಡಿದೆ. ಖರ್ಚಿಗೆಂದು ಬ್ಲಾಕ್ಡ್ ಅಕೌಂಟಿನಲ್ಲಿ (ಮೊದಲೇ ಹಣ ತುಂಬಿ, ಆಮೇಲೆ ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆ) ವರ್ಷಕ್ಕೆ 11,904 ಯೂರೋ ತೋರಿಸಬೇಕೆಂಬುದು 2024ರ ಸೆಪ್ಟೆಂಬರಿನಲ್ಲಿ ಬಂದ ನಿಯಮ. ಅರ್ಜಿ ಹಾಕುವ ವರ್ಷದ ಮೊತ್ತವನ್ನು ನೋಡಿಕೊಳ್ಳಿ, ಅದು ಆಗಾಗ ಏರುತ್ತದೆ.

ಸಣ್ಣ ಪುಟ್ಟ ರೂಢಿಗಳು ಕೆಲವು. ಲೆಕ್ಚರ್ ಮುಗಿದಾಗ ಚಪ್ಪಾಳೆ ಇಲ್ಲ, ಎಲ್ಲರೂ ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ. ಪ್ರೊಫೆಸರು ಒಳಗೆ ಬಂದಾಗ ಯಾರೂ ಎದ್ದು ನಿಲ್ಲುವುದಿಲ್ಲ. ಅವರನ್ನು ಕಾಣಲು ವಾರದಲ್ಲಿ ಗೊತ್ತಾದ ಗಂಟೆ ಇರುತ್ತದೆ, ಕಾರಿಡಾರಿನಲ್ಲಿ ಅಡ್ಡಹಾಕಿದರೆ ಕೆಲಸ ಆಗದು. ಗೆಳೆಯನ ಲ್ಯಾಬ್ ರೆಕಾರ್ಡ್ ನೋಡಿ ಬರೆಯುವುದು ನಮ್ಮಲ್ಲಿ ಸ್ನೇಹದ ಲೆಕ್ಕ, ಅಲ್ಲಿ ಕಳ್ಳತನದ್ದು. ರಕ್ಷಣಾ ಮಂತ್ರಿಯಾಗಿದ್ದ ಗುಟೆನ್‌ಬೆರ್ಗ್ ಅವರ ಡಾಕ್ಟರೇಟನ್ನು ಕೃತಿಚೌರ್ಯಕ್ಕಾಗಿ 2011ರಲ್ಲಿ ವಿಶ್ವವಿದ್ಯಾಲಯ ಕಿತ್ತುಕೊಂಡಿತು, ಮಂತ್ರಿ ಪದವಿಯೂ ಹೋಯಿತು. 2013ರಲ್ಲಿ ಇದೇ ಗತಿ ಸ್ವತಃ ಶಿಕ್ಷಣ ಮಂತ್ರಿ ಶಾವಾನ್ ಅವರಿಗೆ.

ನಾನು ಇನ್ನೂ ಸ್ವಲ್ಪ ಹೊತ್ತು ನಿಲ್ಲಬಯಸುವುದು ಕಸುಬಿನ ಕಲಿಕೆಯ ಹತ್ತಿರ. ಜರ್ಮನ್ ಶಿಕ್ಷಣದ ನಿಜವಾದ ವಿಶೇಷ ಇದೇ, ಸೆಮಿನಾರುಗಳಲ್ಲಿ ಕಡಿಮೆ ಕೇಳಿಬರುವುದೂ ಇದೇ. ಗಿಮ್ನಾಜಿಯುಮ್‌ಗೆ ಹೋಗದ ಹುಡುಗ ಹುಡುಗಿಯರಲ್ಲಿ ಬಹಳಷ್ಟು ಮಂದಿ ಶಾಲೆ ಮುಗಿಸಿದ ಮೇಲೆ ಒಂದು ಕಂಪೆನಿಯ ಜೊತೆ ಕರಾರು ಮಾಡಿಕೊಂಡು ಔಸ್‌ಬಿಲ್ಡುಂಗ್ ಎಂಬ ತರಬೇತಿಗೆ ಸೇರುತ್ತಾರೆ. ವಾರದಲ್ಲಿ ಮೂರು ನಾಲ್ಕು ದಿನ ಕಾರ್ಖಾನೆಯಲ್ಲೋ ಬ್ಯಾಂಕಿನಲ್ಲೋ ಬೇಕರಿಯಲ್ಲೋ ಕೆಲಸ, ಒಂದೆರಡು ದಿನ ಶಾಲೆ. ಎರಡರಿಂದ ಮೂರೂವರೆ ವರ್ಷ. ಕಲಿಯುವಾಗಲೇ ಸಂಬಳ. 300ಕ್ಕೂ ಹೆಚ್ಚು ಕಸುಬುಗಳಿಗೆ ದೇಶಕ್ಕೆಲ್ಲ ಒಂದೇ ಪಠ್ಯಕ್ರಮ, ಒಂದೇ ದರ್ಜೆಯ ಪರೀಕ್ಷೆ. ಮುಂದೆ ಮೈಸ್ಟರ್ ಎಂಬ, ಕಸುಬಿನಲ್ಲೇ ಮೇಲಿನ ಹಂತದ ಪದವಿ ಪಡೆದವರನ್ನು ಸರ್ಕಾರದ ಅರ್ಹತಾ ಚೌಕಟ್ಟು ಬ್ಯಾಚುಲರ್ ಪದವಿಯ ಮಟ್ಟದಲ್ಲೇ ಇಡುತ್ತದೆ. ಅವರು ಬೇಕಾದರೆ ವಿಶ್ವವಿದ್ಯಾಲಯಕ್ಕೂ ಹೋಗಬಹುದು. ನಾಲ್ಕನೇ ಕ್ಲಾಸಿನ ಜರಡಿಯನ್ನು ಆ ಸಮಾಜ ಸಹಿಸಿಕೊಂಡಿರುವುದು ಕೆಳಗೆ ಬಿದ್ದವರಿಗೂ ಹೀಗೊಂದು ಮರ್ಯಾದೆಯ ದಾರಿ ಇರುವುದರಿಂದ ಎಂದು ನನಗನ್ನಿಸುತ್ತದೆ.

ಈ ಪದ್ಧತಿಯ ಒಂದು ಎಳೆ ಮಂಗಳೂರಿಗೆ ಯಾವಾಗಲೋ ಬಂದಿತ್ತು. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನ್ನಿನ ಕೇಂದ್ರ ಸ್ವಿಟ್ಜರ್ಲೆಂಡಿನಲ್ಲಿದ್ದರೂ ಅದರ ಪಾದ್ರಿಗಳಲ್ಲಿ ಅನೇಕರು ದಕ್ಷಿಣ ಜರ್ಮನಿಯವರು. 1843ರಲ್ಲಿ ಮಂಗಳೂರ ಸಮಾಚಾರ ತಂದ ಮೋಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್ ನಮಗೆ ಗೊತ್ತು. 1865ರಲ್ಲಿ ನೇತ್ರಾವತಿಯ ದಂಡೆಯಲ್ಲಿ ಹೆಂಚಿನ ಕಾರ್ಖಾನೆ ತೆರೆದ ಪ್ಲೆಬ್ಸ್ಟ್ ಅಷ್ಟಾಗಿ ಗೊತ್ತಿಲ್ಲ. ಮತಾಂತರವಾಗಿ ಕುಲಕಸುಬು ಕಳಕೊಂಡವರಿಗೆ ಬದುಕಿನ ದಾರಿ ಬೇಕಿತ್ತು. ಮಿಶನ್ನು ನೇಯ್ಗೆ, ಅಚ್ಚು, ಹೆಂಚು ಕಲಿಸಿತು. ಶಾಲೆಯೂ ಕಾರ್ಖಾನೆಯೂ ಒಂದೇ ಸಂಸ್ಥೆಯವು. ನಮ್ಮ ಊರು ಆ ಹೆಂಚನ್ನು ಮಾಡಿನ ಮೇಲೆ ಇಟ್ಟುಕೊಂಡಿತು. ಆದರೆ ಮಕ್ಕಳನ್ನು ಬಿಎ ಮಾಡಿಸಿ ಬೊಂಬಾಯಿಗೆ ಕಳಿಸುವುದನ್ನೇ ಏಳಿಗೆ ಎಂದುಕೊಂಡಿತು. ಇವತ್ತಿಗೂ ಐಟಿಐ ಎಂದರೆ ಪಿಯುಸಿ ಸೈನ್ಸ್ ಸಿಗದವರು ಹೋಗುವ ಜಾಗ ಎಂಬ ಭಾವನೆ ಹೋಗಿಲ್ಲ, ಅಲ್ಲಿಂದ ಬಂದ ಒಳ್ಳೆಯ ಎಲೆಕ್ಟ್ರಿಷಿಯನ್‌ಗಾಗಿ ವಾರಗಟ್ಟಲೆ ಕಾಯುವವರೂ ನಾವೇ.

ಈ ಎರಡು ಲೋಕಗಳು ಈಗ ಮುಖಾಮುಖಿಯಾಗುತ್ತಿರುವುದು ನರ್ಸಿಂಗಿನಲ್ಲಿ. ಮಂಗಳೂರು, ಉಡುಪಿಯ ನರ್ಸಿಂಗ್ ಕಾಲೇಜುಗಳಲ್ಲಿ ನಾಲ್ಕು ವರ್ಷದ ಬಿಎಸ್ಸಿ ಮುಗಿಸಿದವರು ಜರ್ಮನ್ ಭಾಷೆ ಕಲಿತು ಹೊರಡುತ್ತಾರೆ. ಅಲ್ಲಿ ನರ್ಸಿಂಗ್ ಹೆಚ್ಚಾಗಿ ಡಿಗ್ರಿಯಲ್ಲ, ಮೂರು ವರ್ಷದ ತರಬೇತಿ. ನಮ್ಮ ಡಿಗ್ರಿಯನ್ನು ಆ ತರಬೇತಿಯ ಪಠ್ಯದ ಪಕ್ಕ ಇಟ್ಟು, ಎಲ್ಲಿ ಕೊರತೆಯಿದೆಯೋ ಅಷ್ಟಕ್ಕೆ ಆಸ್ಪತ್ರೆಯಲ್ಲಿ ಹೊಂದಾಣಿಕೆ ಕೋರ್ಸು ಮಾಡಬೇಕು, ಇಲ್ಲವೇ ಜ್ಞಾನಪರೀಕ್ಷೆ ಬರೆಯಬೇಕು ಎನ್ನುತ್ತಾರೆ. ಥಿಯರಿಯಲ್ಲಿ ನಮ್ಮವರು ಮುಂದೆ. ಕೊರತೆ ಎಂದು ತೋರಿಸುವುದು ವಯಸ್ಸಾದವರಿಗೆ ಸ್ನಾನ ಮಾಡಿಸುವುದು, ಉಣಿಸುವುದು, ಎಬ್ಬಿಸಿ ನಡೆಸುವುದು, ಅಂದರೆ ಇಲ್ಲಿ ಆಯಾ ಮತ್ತು ಮನೆಯವರು ಮಾಡುವ ಕೆಲಸ. ಅದು ಅಲ್ಲಿ ಮೂರು ವರ್ಷ ಕಲಿತು ಮಾಡುವ ನರ್ಸಿನ ಕೆಲಸದ ಭಾಗ. "ಬಿಎಸ್ಸಿ ಮಾಡಿ ಅದನ್ನಾ ಮಾಡುವುದು?" ಎಂದು ಊರಿನಲ್ಲಿ ಕೇಳುವವರಿದ್ದಾರೆ. ಹೋದ ಹುಡುಗಿಯರು ಮೊದಲ ಆರು ತಿಂಗಳು ಇದನ್ನೇ ಕೇಳಿಕೊಂಡು, ಆಮೇಲೆ ಪಕ್ಕದಲ್ಲಿ ಅದೇ ಕೆಲಸ ಮಾಡುತ್ತಿರುವ ಜರ್ಮನ್ ಹುಡುಗಿಗೂ ತಮಗೂ ಒಂದೇ ಸಂಬಳದ ಪಟ್ಟಿ ಎಂದು ನೋಡಿ ಸುಮ್ಮನಾಗುತ್ತಾರೆ.